ನಡುವಿನಾಂವ

ಮೊನ್ನೆ ನಮ್ಮ ಮಸ್ಕಿ ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮತದಾನ ನಡೆಯಿತು. ಮಸ್ಕಿ, ಲಿಂಗಸುಗೂರು, ಸಿಂಧನೂರು ಸೇರಿಸಿ ಎಲ್ಲರಿಗಿಂತ ಜನಪ್ರಿಯ ಆಟಗಾರ ಯಾರು ಅಂತ. ಕಬಡ್ಡಿಯವನೊಬ್ಬ, ಕುಸ್ತಿಯವನೊಬ್ಬ, ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ ಸಿಕ್ಸರ್ ಬಾರಿಸುವ ಸಿಂಧನೂರಿನ ಹುಡುಗ, ಮೈದಾನಕ್ಕೇ ಇಳಿಯದೆ ಬರೀ ಕಸರತ್ತಿನ ರೀಲ್ಸ್ ಹಾಕುವ ಲಿಂಗಸುಗೂರಿನ ಇನ್ನೊಬ್ಬ. ಕಟ್ಟಕಡೆಗೆ ನಮ್ಮ ಪಕ್ಕದ ಮನೆಯ ಫುಟ್‌ಬಾಲಿನವನ ಹೆಸರು. ಸಂಜೆಯೊಳಗೆ ರೀಲ್ಸಿನವನು ಗೆದ್ದುಬಿಟ್ಟ. ಇವನಿಗೆ ಬಿದ್ದದ್ದು ನನ್ನದೂ ಸೇರಿ ಬೆರಳೆಣಿಕೆಯ ಮತ. ಅದರ ಮೇಲೆ ಒಬ್ಬ ಮಹಾಶಯ, "ಲಾಸ್ಟಿನಾಂವ ಯಾರಲೇ ಇಂವ?" ಅಂತ ಬರೆದಿದ್ದ. ನನ್ನ ತಲೆ ಕೆಟ್ಟಿತು. ಗ್ರೂಪಿನಲ್ಲಿ ಧ್ವನಿ ಸಂದೇಶ ಹಾಕಿ ಎಲ್ಲರನ್ನೂ ಬೈದೆ. ಬೈದರೆ ಏನಾದೀತು? ನಗುವ ಚಿತ್ರ ಕಳಿಸಿ ಸುಮ್ಮನಾದರು.

ಇವನ ಹೆಸರು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವನಿಗೆ ಸಂಕೋಚವಾಗುತ್ತದೆ. ಈ ಸೀಮೆಯಿಂದ ಹೋಗಿ ದೊಡ್ಡ ಲೀಗಿನಲ್ಲಿ ಸಂಬಳ ತೆಗೆದುಕೊಂಡು ಫುಟ್‌ಬಾಲ್ ಆಡಿದವನು ನಾನು ಕಂಡಂತೆ ಅವನೊಬ್ಬನೇ, ಅಷ್ಟು ಹೇಳಿದರೆ ಸಾಕು. ಮೈದಾನದಲ್ಲಿ ಅವನ ಜಾಗ ನಡುವೆ. ಮಿಡ್‌ಫೀಲ್ಡರ್ ಅಂತಾರೆ. ಹಿಂದಿನವರಿಂದ ಚೆಂಡು ಇಸಿದುಕೊಂಡು ಮುಂದಿನವರಿಗೆ ಕೊಡುವ ಕೆಲಸ. ಗೋಲು ಹೊಡೆಯುವವನು ಬೇರೆ, ತಡೆಯುವವನು ಬೇರೆ. ಇಬ್ಬರ ಫೋಟೋನೂ ಪೇಪರಿನಲ್ಲಿ ಬರುತ್ತದೆ.

ನನ್ನದು ಮಸ್ಕಿಯಲ್ಲಿ ಮೈಕ್ ಸೆಟ್ಟಿನ ಅಂಗಡಿ. ಮದುವೆ, ಸಭೆ, ಕಬಡ್ಡಿ ಟೂರ್ನಮೆಂಟು, ಏನೇ ಇರಲಿ, ಬಾಕ್ಸು ನಂದು, ಬಾಯೂ ನಂದು. ಕಾಮೆಂಟ್ರಿ ಹೇಳಲು ಸಿಂಧನೂರಿನವರೂ ನನ್ನನ್ನೇ ಕರೆಯುತ್ತಾರೆ. ಅವನ ಮನೆ ನಮ್ಮ ಮನೆಗೆ ಅಂಟಿಕೊಂಡದ್ದು, ನಡುವೆ ಒಂದೇ ಗೋಡೆ. ಅವನ ಅಪ್ಪ ಲಿಂಗಸುಗೂರಿನ ಕಚೇರಿಯಲ್ಲಿ ನೌಕರಿಯಲ್ಲಿದ್ದರು, ಅವನು ಚಿಕ್ಕವನಿದ್ದಾಗಲೇ ತೀರಿಕೊಂಡರು. ಮೂವರು ಗಂಡುಮಕ್ಕಳು. ಹಿರಿಯವನು ಪಾಮನಕಲ್ಲೂರಿನಲ್ಲಿ ಮಾಸ್ತರು, ಕಿರಿಯವನು ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಸೂಪರ್‌ವೈಸರು. ಇವನು ಮಧ್ಯದವನು. ಅವರವ್ವನಿಗೆ ನಾನು ದೊಡ್ಡವ್ವ ಅನ್ನುತ್ತೇನೆ. ಮಗ ಆಟದಲ್ಲಿ ಏನಾಗಿದ್ದಾನೆ ಅಂತ ಯಾರಾದರೂ ಕೇಳಿದರೆ ದೊಡ್ಡವ್ವ ಹೇಳುತ್ತಿದ್ದ ಉತ್ತರ ಒಂದೇ: "ಮನ್ಯಾಗೂ ನಡುವಿನಾಂವ, ಅಲ್ಲೂ ನಡುವಿನಾಂವ. ಅವನ ನಸೀಬನ ಹಂಗ ಐತಿ."

ಫುಟ್‌ಬಾಲಿಗೆ ಅವನು ಹೋದದ್ದೂ ಒಂದು ತಮಾಷೆ. ಕ್ರೀಡಾ ಹಾಸ್ಟೆಲ್ಲಿಗೆ ಅವನನ್ನು ಆರಿಸಿಕೊಂಡದ್ದು ಓಟಕ್ಕೆ. ಮಸ್ಕಿಯ ಗುಡ್ಡ ಹತ್ತಿ ಇಳಿದು, ಹತ್ತಿ ಇಳಿದು ಬೆಳೆದ ಕಾಲು. ಅಲ್ಲಿನ ಕೋಚ್ ಒಮ್ಮೆ ಫುಟ್‌ಬಾಲ್ ಟೀಮಿಗೆ ಒಬ್ಬ ಕಡಿಮೆ ಬಿದ್ದಾನೆ ಅಂತ ಇವನನ್ನು ಒಳಗೆ ತಳ್ಳಿದರಂತೆ. ಏನು ಮಾಡಬೇಕು ಅಂತ ಇವನು ಕೇಳಿದ್ದಕ್ಕೆ, "ಓಡು, ಚೆಂಡು ಸಿಕ್ಕರೆ ನಮ್ಮವರಿಗೆ ಕೊಡು" ಅಂದರಂತೆ. "ಅಷ್ಟನ ಅಣ್ಣ, ಇವತ್ತಿನತನಕ ಅದನ್ನ ಮಾಡಾಕತ್ತೀನಿ" ಅಂತ ಅವನು ಹೇಳಿದಾಗ ನಾನು ನಕ್ಕಿದ್ದೆ. ಅವನು ನಗಲಿಲ್ಲ.

ಮಾತು ಬಲು ಕಡಿಮೆ. ರಜೆಗೆ ಮನೆಗೆ ಬಂದರೆ ಅವ್ವನ ಪಕ್ಕ ಕೂತು ಶೇಂಗಾ ಸುಲಿಯುತ್ತಿದ್ದ. ಸುಲಿದ ಬೀಜ ತಾನು ತಿನ್ನುತ್ತಿರಲಿಲ್ಲ, ಅವ್ವನ ಕೈಗೆ ಹಾಕುತ್ತಿದ್ದ. ನಾನು ಹೋದರೆ ನನ್ನ ಕೈಗೂ. ಚಾದಂಗಡಿಯಲ್ಲಿ ಮೊದಲ ಕಪ್ಪು ಅವನ ಕೈಗೆ ಬಂದರೆ ನೋಡದೆಯೇ ಪಕ್ಕದವನಿಗೆ ದಾಟಿಸುತ್ತಿದ್ದ. ಕಡೆಗೆ ಅವನಿಗೆ ಚಾ ಇಲ್ಲ. "ಲೇ, ಇದೇನು ಮೈದಾನ ಏನಲೇ? ಕುಡಿ!" ಅಂತ ನಾನು ಗದರಿಸಬೇಕಿತ್ತು.

ಇನ್ನೊಂದು ಚಾಳಿ ಇತ್ತು. ನಿಂತಲ್ಲಿ ನಿಂತು ಬಲಭುಜದ ಮೇಲಿಂದ ಒಮ್ಮೆ ಹಿಂದೆ ನೋಡುವುದು, ಎಡಭುಜದ ಮೇಲಿಂದ ಒಮ್ಮೆ ನೋಡುವುದು. ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಬೀಗರ ಮನೆಯ ಊಟದ ಪಂಕ್ತಿಯಲ್ಲೂ ಅದೇ. ಒಮ್ಮೆ ಗುರುಗುಂಟಾದ ಮುದುಕನೊಬ್ಬ ಲಿಂಗಸುಗೂರು ಬಸ್ಸಿನಲ್ಲಿ ಇವನನ್ನು ಬಹಳ ಹೊತ್ತು ನೋಡಿ, "ಏನಪಾ ತಮ್ಮಾ, ಪೊಲೀಸರೇನರ ಬೆನ್ನು ಹತ್ತ್ಯಾರೇನು?" ಅಂತ ಕನಿಕರದಿಂದ ಕೇಳಿದ. ಇವನು ನಾಚಿಕೊಂಡು ಕಿಟಕಿಯ ಕಡೆ ಮುಖ ಮಾಡಿದ. ಚೆಂಡು ಬರುವ ಮೊದಲೇ ಯಾರು ಎಲ್ಲಿದ್ದಾರೆ ಅಂತ ನೋಡಿಟ್ಟುಕೊಳ್ಳಬೇಕಂತೆ. ಆ ರೂಢಿ ಬಸ್ಸಿಗೂ ಬಂದಿತ್ತು.

ಸಿಂಧನೂರಿನಲ್ಲಿ ಒಮ್ಮೆ ಅವನಿಗೆ ಸನ್ಮಾನ ಇಟ್ಟಿದ್ದರು. ಫ್ಲೆಕ್ಸ್ ಮಾಡಿಸಬೇಕೆಂದರೆ ಅವನೊಬ್ಬನೇ ಇರುವ ಫೋಟೋನೇ ಸಿಗಲಿಲ್ಲ. ಎಲ್ಲಿ ಹುಡುಕಿದರೂ ಗೋಲು ಹೊಡೆದವನ ಹಿಂದೆ ಅರ್ಧ ಮುಖ, ಇಲ್ಲವೇ ಬೆನ್ನು. ಕಡೆಗೆ ಗುಂಪಿನ ಫೋಟೋದಿಂದ ಇವನನ್ನು ಕತ್ತರಿಸಿ ತೆಗೆದರು. ಆದರೆ ಹೆಗಲ ಮೇಲೆ ಬೇರೆಯವನ ಕೈ ಉಳಿದುಬಿಟ್ಟಿತು. ಬಸ್ ಸ್ಟ್ಯಾಂಡಿನ ಎದುರು ಅಷ್ಟೆತ್ತರದ ಫ್ಲೆಕ್ಸು, ಹೆಗಲ ಮೇಲೆ ಮೈಯಿಲ್ಲದ ಒಂದು ಕೈ. "ಅದು ಯಾರ ಕೈರೀ?" ಅಂತ ಮಂದಿ ಕೇಳುತ್ತಿದ್ದರು. ವೇದಿಕೆಯ ಮೇಲೆ ಮುಖಂಡರು, "ಇಲ್ಲೀತನಕ ಎಷ್ಟು ಗೋಲು ಹೊಡದೀಯಪ್ಪಾ?" ಎಂದು ಕೇಳಿದರು. "ಎರಡು ರೀ" ಅಂದ ಇವನು. ಅವರು ಮೈಕಿನ ಕಡೆ ತಿರುಗಿ, "ಎರಡು ನೂರು!" ಅಂದರು. ಚಪ್ಪಾಳೆ ಬಿತ್ತು. ಇವನು ತಿದ್ದಲು ಹೋಗಿ ಬಾಯಿ ತೆರೆದ, ಅಷ್ಟರಲ್ಲಿ ಶಾಲು ಹೊದಿಸಿಬಿಟ್ಟರು.

ಆ ಕೈ ಯಾರದು ಅಂತ ನನಗೆ ಆಮೇಲೆ ತಿಳಿಯಿತು. ಅವನ ಟೀಮಿನಲ್ಲಿ ಗೋಲು ಹೊಡೆಯುವವನು, ಈಶಾನ್ಯದ ಕಡೆಯ ಹುಡುಗ, ಕೂದಲಿಗೆ ಚಿನ್ನದ ಬಣ್ಣ. ಇಬ್ಬರೂ ಒಂದೇ ರೂಮಿನವರು, ಒಂದೇ ವಯಸ್ಸಿನವರು, ಒಂದೇ ವರ್ಷ ಟೀಮಿಗೆ ಸೇರಿದವರು. ಇವನ ತಮ್ಮನ ಮದುವೆಗೆ ಆ ಗೆಳೆಯ ಲಿಂಗಸುಗೂರಿಗೆ ಬಂದ. ಯಾರು ಸುದ್ದಿ ಮುಟ್ಟಿಸಿದರೋ, ಸಿಂಧನೂರಿನಿಂದ ಬೈಕಿನ ಮೇಲೆ ಹುಡುಗರ ದಂಡೇ ಬಂತು. ಅಕ್ಷತೆ ಹಾಕುವ ಹೊತ್ತಿನಲ್ಲೂ ಕಲ್ಯಾಣ ಮಂಟಪದಲ್ಲಿ ಮದುಮಕ್ಕಳನ್ನು ನೋಡುವವರಿಲ್ಲ. ಎಲ್ಲರೂ ಚಿನ್ನದ ಕೂದಲಿನವನ ಸುತ್ತ. ಒಬ್ಬ ಹುಡುಗ ಇವನ ಕೈಗೆ ಫೋನು ತುರುಕಿ, "ಅಣ್ಣಾ, ಜರಾ ಒಂದು ಫೋಟೋ ಹೊಡೀರಿ" ಅಂದ. ಇವನು ಹೊಡೆದ. ಮತ್ತೊಬ್ಬ ಕೊಟ್ಟ, ಅದನ್ನೂ ಹೊಡೆದ. ಊಟ ಬಿಟ್ಟು ಎಲ್ಲರ ಫೋನನ್ನೂ ಇಸಿದುಕೊಂಡು, "ಸ್ವಲ್ಪ ಈ ಕಡೆ ಸರೀರಿ, ಬೆಳಕು ಬೀಳವಲ್ದು" ಅನ್ನುತ್ತ ಹೊಡೆಯುತ್ತಲೇ ಇದ್ದ. ಒಂದರಲ್ಲೂ ಇವನಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. "ನಿನಗ ಮಾನ ಮರ್ಯಾದಿ ಐತೇನಲೇ? ಅಂವ ಹೊಡದ ಅರ್ಧ ಗೋಲು ನೀ ಕೊಟ್ಟದ್ದಲ್ಲೇನು? ನಿನ್ನ ತಮ್ಮನ ಮದಿವ್ಯಾಗ ನಿನಗ ಕ್ಯಾಮೆರಾ ಹಿಡಿಸ್ಯಾರ!" ಎಂದೆ.

"ಅಂವ ಛಲೋ ಕಾಣ್ತಾನ ಅಣ್ಣ ಫೋಟೋದಾಗ," ಅಂದ. "ನನಗ ನಿಂದ್ರಾಕ ಬರಂಗಿಲ್ಲ. ಓಡಾಕ ಬರ್ತದ."

ಗೆಳೆಯನಿಗೂ ನಾಚಿಕೆಯಾಗಿರಬೇಕು. ಊಟಕ್ಕೆ ಕೂತಾಗ ಇವನ ಎಲೆಗೆ ತಾನೇ ಹೋಳಿಗೆ ಬಡಿಸಿದ, ತುಪ್ಪ ಸುರಿದ, ಅದು ಕೆಳಗೆಲ್ಲ ಹರಿಯಿತು.

ಊರಿಗೆ ಕಾಣದ ಇವನ ಹೆಸರು ಒಬ್ಬಳಿಗೆ ಮಾತ್ರ ಎಲ್ಲರಿಗಿಂತ ದೊಡ್ಡದಾಗಿ ಕೇಳುತ್ತಿತ್ತು. ದೊಡ್ಡವ್ವನಿಗೆ ಸಕ್ಕರೆ ಕಾಯಿಲೆ, ಅದರಲ್ಲೇ ಕಣ್ಣು ಹೋದವು. ಮಗ ದೊಡ್ಡ ಲೀಗಿಗೆ ಸೇರುವ ಹೊತ್ತಿಗೆ ಅವಳಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ಆದರೂ ಆಟವಿದ್ದ ದಿನ ಸಂಜೆ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ಟೀವಿಯ ಮುಂದೆ ಕೂಡುತ್ತಿದ್ದಳು. ಕಾಮೆಂಟ್ರಿ ಪೂರಾ ಇಂಗ್ಲಿಷು. ಅವಳಿಗೆ ಅದರಲ್ಲಿ ತಿಳಿಯುತ್ತಿದ್ದದ್ದು ಒಂದೇ ಒಂದು ಶಬ್ದ, ಮಗನ ಹೆಸರು. ಅದೂ ಪೂರಾ ಅಲ್ಲ. ಅವನ ಹೆಸರಿನ ಕೊನೆಗೆ 'ಅಪ್ಪ' ಇದೆ. ಇಂಗ್ಲಿಷಿನವರು ಅದನ್ನು ನುಂಗಿಬಿಡುತ್ತಿದ್ದರು. "ಅಪ್ಪ ಅನ್ನಾಕ ಏನು ಧಾಡಿ ಇವರಿಗೆ?" ಅಂತ ದೊಡ್ಡವ್ವ ಬೈಯುತ್ತಿದ್ದಳು.

ಒಂದು ದಿನ ನನ್ನನ್ನು ಕೂರಿಸಿಕೊಂಡು, "ಖರೇ ಹೇಳು, ನಮ್ಮಂವ ಅಲ್ಲಿ ಭಾಳ ಬೇಕಾದಂವ ಹೌದಿಲ್ಲೋ?" ಎಂದಳು.

"ಯಾಕ ದೊಡ್ಡವ್ವ?"

"ಎಲ್ಲಾರಕಿಂತ ಇವನ್ನ ಜಾಸ್ತಿ ಕರೀತಾರ. ಕರದಿದ್ದ ಕರದಿದ್ದು. ಪಾಪ, ಒಂದು ಗಳಿಗಿ ಕುಂದ್ರಾಕ ಬಿಡಂಗಿಲ್ಲ ನನ್ನ ಕೂಸಿನ್ನ."

ಅವಳು ತಿಳಿದದ್ದು ಹೀಗೆ: ಕಾಮೆಂಟ್ರಿ ಅಂದರೆ ಯಾರೋ ಯಜಮಾನರು ಮೇಲೆ ಕೂತು ಹುಡುಗರನ್ನು ಹೆಸರು ಹಿಡಿದು ಕೂಗಿ ಕೆಲಸಕ್ಕೆ ಹಚ್ಚುವುದು. ನಗು ಬಂತು. ಆದರೆ ಆಮೇಲೆ ನಾನೂ ಕಣ್ಣು ಮುಚ್ಚಿ ಕೂತು ಕೇಳಿದೆ. ಅಯ್ಯೋ, ಹೌದಲ್ಲ! ಚಿನ್ನದ ಕೂದಲಿನವನ ಹೆಸರು ಯಾವಾಗಲೋ ಒಮ್ಮೆ ದೊಡ್ಡ ಗದ್ದಲದೊಳಗೆ ಬರುತ್ತದೆ. ಇವನ ಹೆಸರು ಬರುತ್ತಲೇ ಇರುತ್ತದೆ, ಮೆಲ್ಲಗೆ, ಬಿಡದೆ. ಚೆಂಡು ಎಲ್ಲಿಗೆ ಹೋಗಬೇಕಾದರೂ ಇವನ ಕಾಲು ಮುಟ್ಟಿಯೇ ಹೋಗಬೇಕು. ಕಣ್ಣಿದ್ದ ನಾವೆಲ್ಲ ಗೋಲು ನೋಡುತ್ತಿದ್ದೆವು, ಹಾಗಾಗಿ ಇದು ನಮ್ಮ ಕಿವಿಗೆ ಬಿದ್ದಿರಲಿಲ್ಲ. ಕಾಮೆಂಟ್ರಿ ಹೇಳಿಯೇ ಹೊಟ್ಟೆ ಹೊರೆಯುವ ನನಗೂ ಹೊಳೆದಿರಲಿಲ್ಲ. ದೊಡ್ಡವ್ವನ ತಪ್ಪು ತಿಳಿವಳಿಕೆಯನ್ನು ನಾನು ತಿದ್ದಲು ಹೋಗಲಿಲ್ಲ. ಯಾಕೆ ತಿದ್ದಬೇಕು?

ಆಮೇಲೆ ಒಂದು ವರ್ಷ ಆ ಹೆಸರು ನಿಂತುಹೋಯಿತು. ಟೀಮಿನವರು ಹೊರದೇಶದ ಒಬ್ಬನನ್ನು ಅದೇ ಜಾಗಕ್ಕೆ ತಂದಿದ್ದರು. ಇವನು ಮೈದಾನದ ಹೊರಗೆ, ಬೆಂಚಿನ ಮೇಲೆ. ಫೋನಿನಲ್ಲಿ ಅವ್ವನಿಗೆ, "ಆರಾಮ ಅದೀನವ್ವ" ಅನ್ನುತ್ತಿದ್ದ, ಅಷ್ಟೇ. ದೊಡ್ಡವ್ವ ನಂಬಲಿಲ್ಲ. ಮಗನಿಗೆ ಏನೋ ಆಗಿದೆ, ಎಲ್ಲರೂ ಸೇರಿ ತನ್ನಿಂದ ಮುಚ್ಚಿಡುತ್ತಿದ್ದಾರೆ ಅಂತ ಅವಳ ತಲೆಯಲ್ಲಿ ಹೊಕ್ಕಿತು. ಊಟ ಸೇರದು, ನಿದ್ದೆ ಬಾರದು. ಮಾಸ್ತರನಾದ ಹಿರಿಯ ಮಗ ಹೇಳಿ ಹೇಳಿ ಸೋತ. ಒಂದು ಸಂಜೆ ಗೋಡೆ ಬಡಿದು ನನ್ನನ್ನು ಕರೆದಳು.

"ನಿನಗ ಕಣ್ಣದಾವಲ್ಲ, ನೋಡಿ ಹೇಳು. ಅಂವ ಅಲ್ಲಿ ಅದಾನೋ ಇಲ್ಲೋ? ನನ್ನ ಮ್ಯಾಲ ಆಣಿ ಮಾಡಿ ಹೇಳು."

ನಾನು ಕೂತು ನೋಡಿದೆ. ಹಾಳು ಕ್ಯಾಮೆರಾ ಬೆಂಚಿನ ಕಡೆ ತಿರುಗಲೇ ಒಲ್ಲದು. ಆಟ ಇನ್ನೇನು ಮುಗಿಯಬೇಕು ಅನ್ನುವಾಗ ಒಮ್ಮೆ ಸರ್ರನೆ ಬೆಂಚಿನ ಮೇಲೆ ಹಾದುಹೋಯಿತು. ಅದರ ತುದಿಯಲ್ಲಿ ಹಳದಿ ಬನಿಯನ್ ತೊಟ್ಟು ಕೂತಿದ್ದಾನೆ, ಕೂತಲ್ಲೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡುತ್ತಿದ್ದಾನೆ!

"ಅದಾನ ದೊಡ್ಡವ್ವ! ಗುಂಡಕಲ್ಲಿನಂಗ ಅದಾನ! ಕುಂತಾನ!" ಎಂದು ಕೂಗಿದೆ.

"ಕುಂತಾನ?" ಎಂದಳು. "ಕುಂದ್ರಾಕ ಬಿಟ್ಟಾರ?"

"ಬಿಟ್ಟಾರ."

ಅವಳ ಮುಖ ಸಡಿಲಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕುಂದರ್ಲಿ ಬಿಡು. ಎಷ್ಟು ವರ್ಷ ಹೈರಾಣ ಆದ. ಕುಂದರ್ಲಿ," ಅಂದಳು. ಆ ರಾತ್ರಿ ಹೊಟ್ಟೆ ತುಂಬ ಉಂಡಳಂತೆ.

ಆದರೆ ಊರ ಬಾಯಿ ಮುಚ್ಚಲು ಆದೀತೇ? ಕೂರಿಸುವುದೆಂದರೆ ಬೇಡ ಅನ್ನುವುದು ಅಂತ ಯಾರೋ ಅವಳಿಗೆ ಬಿಡಿಸಿ ಹೇಳಿದರು. ದೊಡ್ಡವ್ವ ಅವತ್ತಿನಿಂದ ಟೀವಿ ಹಚ್ಚಿಸುವುದನ್ನೇ ಬಿಟ್ಟಳು. ಮುಂದಿನ ವರ್ಷ ಅವನು ಆಟಕ್ಕೆ ಕೈ ಮುಗಿದು ಊರಿಗೆ ಬಂದ. ಪೇಪರಿನಲ್ಲಿ ಒಂದು ಸಾಲೂ ಬರಲಿಲ್ಲ. ಅದೇ ತಿಂಗಳು ಚಿನ್ನದ ಕೂದಲಿನವನು ಬೇರೆ ಟೀಮಿಗೆ ಹೋದದ್ದಕ್ಕೆ ಅರ್ಧ ಪುಟ.

ಸುಮ್ಮನೆ ಕೂಡುವ ಜೀವವಲ್ಲ ಅದು. ದಿನಾ ನಸುಕಿನಲ್ಲಿ ಲಿಂಗಸುಗೂರಿಗೆ ಬೈಕು ಹೊಡೆದುಕೊಂಡು ಹೋಗಿ ಅಲ್ಲಿಯ ಕಾಲೇಜು ಮೈದಾನದಲ್ಲಿ ಹುಡುಗರಿಗೆ ಆಟ ಕಲಿಸಲು ಶುರುಮಾಡಿದ. ಕೆಲವು ತಿಂಗಳಲ್ಲಿ ಒಂದು ಟೀಮಾಯಿತು. ಸಿಂಧನೂರಿನವರೂ ಒಂದು ಟೀಮು ಕಟ್ಟಿದರು. ಎರಡಕ್ಕೂ ಅದೇ ಕಾಲೇಜು ಮೈದಾನದಲ್ಲಿ ಮ್ಯಾಚು ಅಂತ ಗೊತ್ತುಮಾಡಿದರು. ಲಿಂಗಸುಗೂರಿನ ಕಡೆಯಿಂದ ಅವನೂ ಆಡುವವನಿದ್ದ. ಮೈಕು ನನ್ನದು, ಅದನ್ನು ಬೇರೆ ಹೇಳಬೇಕೇ?

ಮ್ಯಾಚಿನ ಹಿಂದಿನ ದಿನ ದೊಡ್ಡವ್ವ ನನ್ನ ಅಂಗಡಿಗೇ ಬಂದಳು, ಮೊಮ್ಮಗಳ ಕೈ ಹಿಡಿದುಕೊಂಡು. ಸ್ಟೂಲಿನ ಮೇಲೆ ಕೂರಿಸಿದೆ. "ನಾನೂ ಬರ್ತೀನಿ ನಾಳೆ," ಎಂದಳು. "ನೀ ಅವನ ಹೆಸರು ಹೇಳ್ಬೇಕು. ಪೂರಾ ಹೆಸರು. ಅಪ್ಪ ನುಂಗಬ್ಯಾಡ. ಆ ಮಂದಿ ಕರಿಯೋದು ಬಿಟ್ರು. ನೀನರ ಕರಿ. ಒಮ್ಮಿ ಕಿವಿ ತುಂಬ ಕೇಳ್ತೀನಿ, ಆಮ್ಯಾಲ ಏನೂ ಬೇಡಂಗಿಲ್ಲ." ನಾಳೆ ಅವನ ಅಪ್ಪ ದುಡಿದ ಲಿಂಗಸುಗೂರು ಕಚೇರಿಗೂ ಕೇಳುವಂತೆ ಕೂಗುತ್ತೇನೆ ಅಂತ ಮಾತು ಕೊಟ್ಟೆ.

ಮಾರನೆಯ ದಿನ ಬಾಕ್ಸು ಇಳಿಸುತ್ತಿರುವಾಗ ಅವನು ಬಂದ. ವೈರು ಹಿಡಿದು ಎಳೆದು ಕೊಟ್ಟ. ಆಮೇಲೆ ಮೆಲ್ಲಗೆ, "ಅಣ್ಣಾ, ಒಂದು ಮಾತು. ನನ್ನ ಹೆಸರು ಹೇಳಬ್ಯಾಡ. ಈ ಹುಡುಗರವು ಹೇಳು. ಅವರ ಮನ್ಯಾಗಿಂದ ಎಲ್ಲಾರೂ ಬಂದಾರ," ಅಂದ.

"ನಿಮ್ಮ ಮನ್ಯಾಗಿಂದ ಯಾರೂ ಬಂದಿಲ್ಲೇನಲೇ?" ಎಂದು ಬೇವಿನ ಗಿಡದ ಕೆಳಗೆ, ನನ್ನ ಟೇಬಲ್ಲಿನ ಪಕ್ಕ ಕುರ್ಚಿಯಲ್ಲಿ ಕೂತಿದ್ದ ದೊಡ್ಡವ್ವನನ್ನು ತೋರಿಸಿದೆ. ಅವನು ತಲೆ ತಗ್ಗಿಸಿ ಹೋದ.

ನಾನು ದೊಡ್ಡವ್ವನ ಕಡೆಯವನು. ಆಟ ಶುರುವಾದದ್ದೇ ತಡ, ಎರಡೂ ಬಾಕ್ಸಿನ ದನಿ ಏರಿಸಿ ಅವನ ಪೂರಾ ಹೆಸರು ಹಿಡಿದು ಕೂಗಲು ಹತ್ತಿದೆ. ಕೊನೆಯ ಅಪ್ಪನನ್ನು ಎಳೆದೆಳೆದು ಹೇಳಿದೆ. ಚೆಂಡು ಮುಟ್ಟಿದರೂ ಅವನ ಹೆಸರು, ಮುಟ್ಟದಿದ್ದರೂ ಅವನದೇ. ಮಂದಿ ನಗುತ್ತಿದ್ದರು. ನಗಲಿ. ವಾರೆಗಣ್ಣಿನಿಂದ ನೋಡಿದರೆ ದೊಡ್ಡವ್ವ ಕುರ್ಚಿಯ ತುದಿಗೆ ಬಂದು ಕೂತಿದ್ದಳು. ಆದರೆ ಅವಳ ಮುಖ ಬಾಕ್ಸಿನ ಕಡೆ ಇರಲಿಲ್ಲ, ಮೈದಾನದ ಕಡೆ ಇತ್ತು. ಹುಬ್ಬು ಗಂಟಿಕ್ಕಿದ್ದಳು. ಸ್ವಲ್ಪ ಹೊತ್ತಿಗೆ ಕೈ ಚಾಚಿ ತಡಕಾಡಿ ನನ್ನ ಅಂಗಿ ಹಿಡಿದು ಜಗ್ಗಿದಳು.

"ಜರಾ ಬಂದ್ ಮಾಡಪಾ ಅದನ್ನ."

"ಯಾಕ ದೊಡ್ಡವ್ವ? ಹೆಸರು ಕೇಳಂಗಿಲ್ಲೇನು?"

"ಬಂದ್ ಮಾಡಂದ್ರ ಮಾಡು!"

ಇಷ್ಟು ವರ್ಷದಲ್ಲಿ ಆಟದ ನಡುವೆ ನಾನು ಮೈಕು ಆರಿಸಿದವನಲ್ಲ. ಸ್ವಿಚ್ಚು ಒತ್ತಿದೆ. ಬಾಕ್ಸು ಗುಂಯ್ ಅಂದು ಸುಮ್ಮನಾಯಿತು. ಆಗ ಕೇಳಿಸಿತು. ಮೈದಾನದ ನಡುವಿನಿಂದ ಗಡುಸಾದ ದೊಡ್ಡ ದನಿ, ಒಂದೇ ಸವನೆ. "ಬಸ್ಯಾ, ಎಡಕ್ಕ ನೋಡು! ರಫೀ, ಜಲ್ದಿ ಬಾ! ಕೊಡು, ಕೊಡು, ಇಟ್ಕೋಬ್ಯಾಡ! ಶಾಬ್ಬಾಸ್ ಮಗನ! ಹಿಂದ ಅದಾನ ನೋಡು, ಹಿಂದ!" ಒಬ್ಬೊಬ್ಬ ಹುಡುಗನನ್ನೂ ಹೆಸರು ಹಿಡಿದು ಕರೆಯುತ್ತಿದ್ದ. ಟೀವಿಯಲ್ಲಿ ಇದು ಯಾವತ್ತೂ ಕೇಳಿರಲಿಲ್ಲ. ಅಲ್ಲಿ ಇಂಗ್ಲಿಷಿನವರ ಮಾತು, ಜನರ ಗದ್ದಲ. ಇಲ್ಲಿ ನಾನೇ ಮುಚ್ಚಿಹಾಕಿದ್ದೆ.

"ಹಿಂಗ ಒದರಾಕತ್ತಾನಲ್ಲ, ಅಂವ ನಮ್ಮಂವೇನು?" ದೊಡ್ಡವ್ವ ಕೇಳಿದಳು.

"ನಿಮ್ಮಂವನ."

"ಯವ್ವಾ! ಮನ್ಯಾಗ ಬಾಯೇ ತೆಗಿಯಂಗಿಲ್ಲ ಮೂಳ! ಇಷ್ಟು ದೊಡ್ಡ ದನಿ ಐತೇನು ಅವನಿಗೆ?"

ನಗುತ್ತಿದ್ದಳು, ಕೆನ್ನೆ ತೋಯ್ದಿತ್ತು. ನಾನು ಮೈಕು ಟೇಬಲ್ಲಿನ ಮೇಲಿಟ್ಟು ಅವಳ ಪಕ್ಕ ನೆಲಕ್ಕೆ ಕೂತೆ. ಮಂದಿ, "ಏ, ಮೈಕ್ ಯಾಕ ಬಂದ್ ಆತು?" ಅಂತ ಕೂಗಿದರು. ನಾನು ಎದ್ದೇಳಲಿಲ್ಲ. ದೊಡ್ಡವ್ವನ ಮುಖ ಆ ದನಿಯ ಹಿಂದೆ ಮೆಲ್ಲಗೆ ಅತ್ತ ಇತ್ತ ತಿರುಗುತ್ತಿತ್ತು. ನನ್ನ ಹೆಗಲ ಮೇಲೆ ಕೈಯಿಟ್ಟು, ಕಾಣದವನಿಗೆ ತೋರಿಸುವ ಹಾಗೆ ಅವಳೇ ಹೇಳಲು ಹತ್ತಿದಳು:

"ಈಗ ಆ ಕಡೆ ಹ್ವಾದ... ನಿಂತ... ಯಾರನ್ನೋ ಕರದ ನೋಡು... ಈಗ ಓಡಿದ. ಈಗ ನಮ್ಮ ಕಡೆ ಬಂದ, ಬಂದ..."

ನಾನು ನೋಡಿದೆ. ಬರುತ್ತಿದ್ದ.